ನಮ್ಮವರಿಲ್ಲದ ಊರಿಗೆ ಒಂದು ಟಿಕೆಟ್

ನಾನು ಲಾಸ್ ವೇಗಸ್ಸಿಗೆ ಹೋಗುತ್ತೇನೆ ಅಂದಾಗ ನನ್ನ ಗಂಡ ಮೊದಲು ಕೇಳಿದ್ದು, "ಯಾವ ಕಾನ್ಫರೆನ್ಸು?" ಎಂದು.

ಭಾನುವಾರ ಬೆಳಿಗ್ಗೆ. ಸಟನ್ ಕೋಲ್ಡ್‌ಫೀಲ್ಡಿನ ನಮ್ಮ ಅಡುಗೆಮನೆಯಲ್ಲಿ ಇಬ್ಬರೂ ಉಪ್ಪಿಟ್ಟು ತಿನ್ನುತ್ತ ಕೂತಿದ್ದೆವು. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷ ಆಗಿದ್ದ ಕಾಲ. ಆ ವಾರವಷ್ಟೇ ನನಗೆ ಐವತ್ತು ತುಂಬಿತ್ತು. ಅವರು ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ನಾನು ಬರ್ಮಿಂಗ್‌ಹ್ಯಾಮಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಡಾಕ್ಟರು. ನಮ್ಮಂಥವರು ಅಂಥ ಊರಿಗೆ ಹೋಗಬೇಕಾದರೆ ಒಂದು ಕಾನ್ಫರೆನ್ಸಾದರೂ ಇರಬೇಕು, ಕೊರಳಲ್ಲಿ ಹೆಸರಿನ ಬಿಲ್ಲೆಯಾದರೂ ನೇತಾಡಬೇಕು ಎನ್ನುವುದು ಅವರ ನಂಬಿಕೆ.

"ಕಾನ್ಫರೆನ್ಸ್ ಇಲ್ಲ ರೀ. ಸುಮ್ನೆ ಹೋಗ್ತೀನಿ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಕ್ಯಾಸಿನೋದಲ್ಲಿ ಕೂತ್ಕೊಂಡು ಇಸ್ಪೀಟ್ ಆಡೋಕೆ. ಬರ್ತೀರಾ?"

ಅವರು ಚಮಚ ಕೆಳಗಿಟ್ಟು ನನ್ನ ಮುಖ ನೋಡಿದರು. ಅದು ಕ್ಲಿನಿಕ್ಕಿನಲ್ಲಿ ರೋಗಿಗಳನ್ನು ನೋಡುವ ನೋಟ. "ನಿದ್ದೆ ಸರಿಯಾಗಿ ಬರ್ತಿದೆಯಾ ನಿಂಗೆ?" ಎಂದು ಮೆಲ್ಲಗೆ ಕೇಳಿದರು. ಚೆನ್ನಾಗಿ ಬರುತ್ತಿದೆ ಎಂದೆ. ಆಮೇಲೆ ಬಂದ ಪ್ರಶ್ನೆ ನಾನು ನಿರೀಕ್ಷಿಸಿದ್ದೇ. "ಅಕ್ಕನಿಗೆ ಏನಂತ ಹೇಳೋದು?"

ಅಕ್ಕ ಎಂದರೆ ನನ್ನ ಅತ್ತಿಗೆ, ಅವರ ದೊಡ್ಡಕ್ಕ, ಮೈಸೂರಿನವರು. ತಾಯಿ ಬೇಗ ತೀರಿಕೊಂಡ ಮೇಲೆ ತಮ್ಮನನ್ನು ಬೆಳೆಸಿ, ಓದಿಸಿ, ಡಾಕ್ಟರು ಮಾಡಿ ಇಂಗ್ಲೆಂಡಿನ ವಿಮಾನ ಹತ್ತಿಸಿದವರು ಅವರೇ. ಇದನ್ನು ನಾನು ಇಲ್ಲ ಎನ್ನುವುದಿಲ್ಲ. ಆದರೆ ತಮ್ಮನ ಕೃತಜ್ಞತೆಗೆಲ್ಲ ಖರ್ಚಾದದ್ದು ನನ್ನ ರಜೆ.

ನಮ್ಮ ಕಡೆಯ ಡಾಕ್ಟರುಗಳ ಮನೆಗಳಲ್ಲಿ ಆಗ ರಜೆ ಎಂಬ ಮಾತಿಗೆ ಒಂದೇ ಅರ್ಥ ಇತ್ತು: ಊರಿಗೆ ಹೋಗುವುದು. ಆಸ್ಪತ್ರೆಯಲ್ಲಿ ನಮ್ಮ ವಿಭಾಗದ ಡ್ಯೂಟಿ ಪಟ್ಟಿ, ಅಂದರೆ ರೋಟಾ, ಮಾಡುತ್ತಿದ್ದವಳು ನಾನೇ. ಯಾರು ಯಾವ ವಾರ ಸ್ಪೇನಿಗೆ, ಯಾರು ಯಾವ ವಾರ ಹಿಮದಲ್ಲಿ ಜಾರಲು ಹೋಗುತ್ತಾರೆ, ಯಾರ ಬದಲು ಯಾರು ಡ್ಯೂಟಿ ಮಾಡುತ್ತಾರೆ ಎಂದು ಹೊಂದಿಸಿ ಹೊಂದಿಸಿ ನನ್ನ ತಲೆ ಕೂದಲು ಬೆಳ್ಳಗಾಯಿತು. ನನ್ನ ಸರದಿ ಬಂದಾಗ ಕಾಫಿ ರೂಮಿನಲ್ಲಿ ಯಾರಾದರೊಬ್ಬರು, "ಮತ್ತೆ ಇಂಡಿಯಾನಾ? ಎಷ್ಟು ಚೆನ್ನ, ಬಿಸಿಲು" ಎನ್ನುತ್ತಿದ್ದರು. ನಾನು ಹೌದು ಹೌದು ಎಂದು ನಗುತ್ತಿದ್ದೆ. ಬಿಸಿಲನ್ನು ನಾನು ಕಾಣುತ್ತಿದ್ದದ್ದು ಟ್ಯಾಕ್ಸಿಯ ಕಿಟಕಿಯಿಂದ ಮಾತ್ರ.

ಯಾಕೆಂದರೆ ನಾವು ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಅತ್ತಿಗೆ ನಮ್ಮ ಪ್ರತಿ ದಿನವನ್ನೂ ಒಬ್ಬೊಬ್ಬರಿಗೆ ಹಂಚಿಟ್ಟಿರುತ್ತಿದ್ದರು. ಮೊದಲು ಚಿಕ್ಕಪ್ಪನ ಮನೆ, ಇಲ್ಲದಿದ್ದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ. ಆಮೇಲೆ ನಂಜನಗೂಡು. ಆಮೇಲೆ ಯಾರದೋ ಗೃಹಪ್ರವೇಶ, ಯಾರದೋ ಸೀಮಂತ. ಅದೇ ವಾರ ಎಲ್ಲ ಒಟ್ಟಿಗೆ ಬಂದಿತು ಎಂದು ಅವರು ಹೇಳುತ್ತಿದ್ದರು, ಆದರೆ ನಾವು ಬರುವ ವಾರಕ್ಕೇ ಅವೆಲ್ಲ ಇಟ್ಟುಕೊಂಡಿರುತ್ತಿದ್ದರು ಎಂಬುದು ನನಗೆ ಗೊತ್ತಿತ್ತು. ಎಲ್ಲ ಮನೆಯಲ್ಲೂ ಸೋಫಾದ ತುದಿಯಲ್ಲಿ ಕೂತು, ಚಾಕೊಲೇಟು, ಸೆಂಟು ಕೊಟ್ಟು, ಕೇಸರಿಬಾತು ತಿಂದು, ಅರಿಶಿನ ಕುಂಕುಮ ತೆಗೆದುಕೊಂಡು, ಮುಂದಿನ ಮನೆ. ರೋಟಾದಲ್ಲಿ ನಾನಾದರೂ ಯಾರಿಗೂ ಸತತ ಅಷ್ಟು ಡ್ಯೂಟಿ ಹಾಕಿದವಳಲ್ಲ.

ನನ್ನ ತವರು ತುಮಕೂರು. ಒಂದು ವರ್ಷ, ನನ್ನ ತಾಯಿಗೆ ಮೈ ಸರಿಯಿಲ್ಲದಿದ್ದಾಗ, ಈ ಸಲ ಒಂದು ವಾರ ಪೂರ್ತಿ ಅಮ್ಮನ ಹತ್ತಿರ ಇರುತ್ತೇನೆ ಎಂದು ಮೊದಲೇ ಫೋನಿನಲ್ಲಿ ಹೇಳಿದ್ದೆ. ಅತ್ತಿಗೆ ಆಗಲಿ ಎಂದಿದ್ದರು. ಹೋಗಿ ನೋಡಿದರೆ ಅವರ ನಾದಿನಿಯ ಮೊಮ್ಮಗುವಿನ ನಾಮಕರಣ ಅದೇ ವಾರ. "ಲಂಡನ್ನಿಂದ ಬಂದಿರೋರು ನಾಮಕರಣಕ್ಕೆ ಬರ್ಲಿಲ್ಲ ಅಂದ್ರೆ ನನ್ನ ಮುಖ ಎಲ್ಲಿ ಇಟ್ಕೊಳ್ಲಿ?" ಎಂದರು. ನಾವು ಲಂಡನ್ನಿನಲ್ಲಿ ಯಾವತ್ತೂ ಇದ್ದವರಲ್ಲ, ಅದು ಬೇರೆ ವಿಷಯ. ಅಮ್ಮನಿಗೆ ಸಿಕ್ಕಿದ್ದು ಒಂದೂವರೆ ದಿನ. ನಾನು ಹೊರಟಾಗ ಅವಳು ಗೇಟಿನವರೆಗೂ ನಡೆದು ಬಂದಳು, ಬರಬೇಡ ಎಂದರೂ ಕೇಳಲಿಲ್ಲ. "ಹೋಗು, ತಡ ಆಯ್ತು ಅಂತ ಅವರು ಅಂದಾರು" ಎಂದಳು. ಮುಂದಿನ ರಜೆ ಬರುವಷ್ಟರಲ್ಲಿ ಅವಳು ಇರಲಿಲ್ಲ. ಇದನ್ನು ನಾನು ಅತ್ತಿಗೆಯ ಹತ್ತಿರ ಎತ್ತಿ ಆಡಲಿಲ್ಲ. ಗಂಡನ ಹತ್ತಿರವೂ ಒಂದು ಸಲ ಬಿಟ್ಟರೆ ಎತ್ತಲಿಲ್ಲ. ಹಾಗಂತ ಮರೆತೆ ಎಂದೂ ಅಲ್ಲ.

ಇನ್ನು ಲಾಸ್ ವೇಗಸ್ಸೇ ಯಾಕೆ ಎಂದರೆ, ಅದನ್ನು ನನ್ನ ತಲೆಗೆ ಹಾಕಿದವಳು ನಮ್ಮ ಆಪರೇಷನ್ ಥಿಯೇಟರಿನ ಸಿಸ್ಟರ್. ಬರ್ಮಿಂಗ್‌ಹ್ಯಾಮಿನಲ್ಲೇ ಹುಟ್ಟಿ ಬೆಳೆದವಳು, ಇಬ್ಬರು ಗಂಡಂದಿರನ್ನು ಬಿಟ್ಟವಳು, ವರ್ಷಕ್ಕೊಮ್ಮೆ ತಂಗಿಯ ಜೊತೆ ಅಲ್ಲಿಗೆ ಹೋಗಿಬರುತ್ತಿದ್ದಳು. ಸರ್ಜನ್ ಬರುವುದು ತಡವಾದಾಗಲೆಲ್ಲ ಅವಳು ಆ ಊರಿನ ಕಥೆ ತೆಗೆಯುತ್ತಿದ್ದಳು. ಅಲ್ಲಿ ಗಡಿಯಾರ ಇಲ್ಲ. ಬೆಳಿಗ್ಗೆ ಯಾವಾಗ, ರಾತ್ರಿ ಯಾವಾಗ ಯಾರೂ ಕೇಳುವುದಿಲ್ಲ. ಅರವತ್ತರ ಹೆಂಗಸರು ಚಪ್ಪಲಿ ಕಳಚಿ ಟೇಬಲ್ಲಿಗೆ ಕೂತು ಆಡುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ನೀನು ಯಾರ ಮಗಳು, ಯಾರ ಹೆಂಡತಿ, ನಿನ್ನ ಗಂಡ ಏನು ಮಾಡುತ್ತಾನೆ ಎಂದು ಯಾರಿಗೂ ಬೇಕಾಗಿಲ್ಲ.

ಆ ಕೊನೆಯ ಮಾತು ನನ್ನೊಳಗೆ ನಿಂತುಬಿಟ್ಟಿತು. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಕೂತು ಒಂದೊಂದೇ ಊರು ಲೆಕ್ಕ ಹಾಕಿದೆ. ನ್ಯೂಜೆರ್ಸಿಯಲ್ಲಿ ಗಂಡನ ಕಡೆಯ ಮೂರು ಮನೆ. ಟೊರಾಂಟೋದಲ್ಲಿ ನನ್ನ ದೊಡ್ಡಮ್ಮನ ಮಗ. ಸಿಂಗಪುರ, ಸಿಡ್ನಿ, ದುಬೈ, ಎಲ್ಲ ಕಡೆಯೂ ಯಾರಾದರೊಬ್ಬರು ಅನ್ನ ಸಾರು ಮಾಡಿಕೊಂಡು ಕಾಯುತ್ತಿದ್ದಾರೆ. ಅತ್ತಿಗೆಯ ಮಗಳೇ ಅಮೆರಿಕದ ಒಹಾಯೋದಲ್ಲಿದ್ದಳು. ಆದರೆ ಲಾಸ್ ವೇಗಸ್ಸಿನಲ್ಲಿ ನಮಗೆ ಬೇಕಾದವರು ಒಬ್ಬರೂ ಇರಲಿಲ್ಲ. ಭೂಮಿಯ ಮೇಲೆ ನಮ್ಮವರಿಲ್ಲದ ಊರೊಂದು ಇದೆ ಎಂದು ಗೊತ್ತಾದಾಗ ನನಗೆ ಆದ ಸಂತೋಷವನ್ನು ಇವತ್ತಿಗೂ ಯಾರ ಮುಂದೆಯೂ ಮುಚ್ಚಿಡುವುದಿಲ್ಲ.

ಗಂಡನನ್ನು ಮೂರು ನಾಲ್ಕು ಸಲ ಕರೆದೆ. ಅವರು ಇಲ್ಲ ಎನ್ನಲಿಲ್ಲ, ಹೂಂ ಎನ್ನಲಿಲ್ಲ, ನೋಡೋಣ ಎಂದರು. ಅವರ ನೋಡೋಣ ಎಷ್ಟು ಉದ್ದ ಇರುತ್ತದೆ ಎಂದು ನನಗೆ ಗೊತ್ತಿತ್ತು. ಒಂದು ಶನಿವಾರ ಹೈಸ್ಟ್ರೀಟಿನ ಟ್ರಾವೆಲ್ ಏಜೆಂಟಿನ ಅಂಗಡಿಗೆ ಹೋಗಿ ಕೂತೆ. ನವೆಂಬರಿನಲ್ಲಿ ಒಂದು ವಾರ, ಮ್ಯಾಂಚೆಸ್ಟರಿನಿಂದ ವಿಮಾನ, ದೊಡ್ಡ ರಸ್ತೆಯ ಮೇಲೇ ಹೋಟೆಲು. ಕಂಪ್ಯೂಟರಿನ ಮುಂದಿದ್ದ ಹುಡುಗಿ ಎಷ್ಟು ಜನ ಎಂದು ಕೇಳಿದಳು. ಒಬ್ಬಳೇ ಎಂದೆ. ಅವಳು ತಲೆಯೆತ್ತಿ ನೋಡಿ ಮತ್ತೆ ಕೇಳಿದಳು. ಇನ್ನೂ ಸ್ವಲ್ಪ ಗಟ್ಟಿಯಾಗಿ ಒಬ್ಬಳೇ ಎಂದೆ. ಮೆಡಿಕಲ್ ಕಾಲೇಜಿಗೆ ಸೇರಿದ ದಿನ ಬಿಟ್ಟರೆ ಅಷ್ಟು ಧೈರ್ಯವಾಗಿ ನಾನು ಯಾವ ಮಾತನ್ನೂ ಆಡಿರಲಿಲ್ಲ.

ಮಗಳು ಆಗ ಲೀಡ್ಸಿನಲ್ಲಿ ಓದುತ್ತಿದ್ದಳು. ಫೋನ್ ಮಾಡಿ ಹೇಳಿದರೆ, "ಆರ್ ಯೂ ಓಕೇ, ಮಮ್?" ಎಂದಳು. ಅಪ್ಪನ ಮಗಳೇ. ನನಗೆ ಏನೋ ಆಗಿದ್ದರೆ ಮಾತ್ರ ನಾನು ಇಂಥದ್ದನ್ನು ಮಾಡಬಲ್ಲೆ ಎಂದು ಮನೆಯವರೆಲ್ಲರಿಗೂ ಯಾಕೆ ಅನ್ನಿಸಬೇಕು? ಆರಾಮಾಗಿರುವವರು ಜೂಜಾಡುವುದಿಲ್ಲವೇ?

ಇಸ್ಪೀಟು ನನಗೆ ಹೊಸದೇನೂ ಅಲ್ಲ. ತುಮಕೂರಿನಲ್ಲಿ ಬೇಸಿಗೆಯ ಮಧ್ಯಾಹ್ನ ಗಂಡಸರು ಆಫೀಸಿಗೆ ಹೋದ ಮೇಲೆ ಅಮ್ಮ, ಪಕ್ಕದ ಮನೆಯವರು, ಎದುರು ಮನೆಯವರು ನಡುಮನೆಯಲ್ಲಿ ಚಾಪೆ ಹಾಸಿ ರಮ್ಮಿ ಆಡುತ್ತಿದ್ದರು. ದುಡ್ಡಿಗೆ ಬದಲು ಹುಣಸೆ ಬೀಜ. ಅಪ್ಪನ ಸೈಕಲ್ ಬೆಲ್ ಕೇಳಿದರೆ ಎಲೆಗಳು ಚಾಪೆಯ ಕೆಳಗೆ, ಬೀಜಗಳು ಸೆರಗಿನಲ್ಲಿ, ಅಮ್ಮ ಅಡುಗೆಮನೆಯಲ್ಲಿ. ನಾನು ಆಟ ಕಲಿತದ್ದು ಅವಳ ಬೆನ್ನ ಹಿಂದೆ ಕೂತು. ಅವಳು ಆಡುವಾಗ ಇದ್ದ ಮುಖ ಬೇರೆ ಯಾವ ಹೊತ್ತಿನಲ್ಲೂ ಇರುತ್ತಿರಲಿಲ್ಲ. ತುಟಿ ಒಂದು ಪಕ್ಕಕ್ಕೆ ಹೋಗುತ್ತಿತ್ತು, ಕಣ್ಣು ಚುರುಕಾಗುತ್ತಿತ್ತು. ಸೋತರೆ ಜಗಳವಾಡುತ್ತಿದ್ದಳು. ಅಪ್ಪನ ಜೊತೆ ಅವಳು ಯಾವತ್ತೂ ಜಗಳವಾಡಿದ್ದನ್ನು ನಾನು ಕಂಡಿಲ್ಲ.

ಬರ್ಮಿಂಗ್‌ಹ್ಯಾಮಿಗೆ ಬಂದ ಮೇಲೆ ನಮ್ಮ ಕನ್ನಡದ ಮನೆಗಳಲ್ಲಿ ಆಟ ನಡೆಯುತ್ತಿದ್ದದ್ದು ದೀಪಾವಳಿಯ ದಿನ. ಗಂಡಸರು ಕನ್ಸರ್ವೇಟರಿಯಲ್ಲಿ, ಗಾಜಿನ ಗೋಡೆಯ ಒಳಗೆ, ಹೀಟರ್ ಹಚ್ಚಿಕೊಂಡು. ಹೆಂಗಸರು ಅಡುಗೆಮನೆಯಲ್ಲಿ ಹೋಳಿಗೆ ಬಿಸಿ ಮಾಡುತ್ತ. ಒಂದು ವರ್ಷ ನಾನು ಕೈ ಒರೆಸಿಕೊಂಡು ಹೋಗಿ ಅವರ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡೆ. ಯಾರೂ ಬೇಡ ಎನ್ನಲಿಲ್ಲ. ಎಲ್ಲರೂ ಬನ್ನಿ ಬನ್ನಿ ಮೇಡಂ ಎಂದು ಜರುಗಿ ಜಾಗ ಕೊಟ್ಟರು. ಆಮೇಲೆ ಯಾರೂ ಜೋರಾಗಿ ನಗಲಿಲ್ಲ, ಯಾರೂ ಬೈಯಲಿಲ್ಲ, ಪಣವನ್ನೂ ಇಳಿಸಿದರು. ಎರಡು ಕೈ ನಾನೇ ಗೆದ್ದೆ. ಮೂರನೆಯದು ಹಂಚುವ ಮೊದಲೇ ಒಬ್ಬರಿಗೆ ಬೆಳಿಗ್ಗೆ ಡ್ಯೂಟಿ ನೆನಪಾಯಿತು, ಇನ್ನೊಬ್ಬರಿಗೆ ಬೆನ್ನು ನೋವು ಬಂತು, ಆಟ ಮುಗಿಯಿತು. ನಾನು ಎದ್ದು ಅಡುಗೆಮನೆಗೆ ಹೋಗಿ ಐದು ನಿಮಿಷ ಆಗಿರಲಿಲ್ಲ, ಗಾಜಿನ ಆ ಕಡೆಯಿಂದ ಮತ್ತೆ ಗಲಾಟೆ ಶುರುವಾಯಿತು. ಮೈಯೆಲ್ಲ ಉರಿದುಹೋಯಿತು ನನಗೆ.

ಹಾಗಾಗಿ ಟಿಕೆಟ್ ತೆಗೆದ ಮೇಲೆ ನಾನು ಅಭ್ಯಾಸಕ್ಕೆ ಕೂತೆ. ಥಿಯೇಟರಿನ ಸಿಸ್ಟರ್ ಬ್ಲ್ಯಾಕ್‌ಜ್ಯಾಕ್ ಕಲಿಸಿಕೊಟ್ಟಿದ್ದಳು. ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು, ಎಲೆ ಹಂಚುವವನಿಗಿಂತ ಹೆಚ್ಚಿರಬೇಕು, ಅಷ್ಟೇ. ಸಂಜೆ ಊಟ ಆದ ಮೇಲೆ ಮೇಜು ಒರೆಸಿ, ಕಾಬೂಲಿ ಕಡಲೆ ಡಬ್ಬ ಪಕ್ಕಕ್ಕಿಟ್ಟುಕೊಂಡು, ಎರಡೂ ಕಡೆ ನಾನೇ ಆಡುತ್ತಿದ್ದೆ. ಗಂಡ ಪತ್ರಿಕೆಯ ಹಿಂದಿನಿಂದ ನೋಡುತ್ತಿದ್ದರು. ಕೆಲವು ದಿನ ಸುಮ್ಮನಿದ್ದು, ಒಂದು ಸಂಜೆ, "ಹಾಗೆ ಮೋಸ ಮಾಡ್ಕೊಂಡು ಆಡಿದ್ರೆ ಏನು ಕಲಿತೀಯ? ಕೊಡು ಇಲ್ಲಿ" ಎಂದು ಎಲೆ ಕಿತ್ತುಕೊಂಡರು. ಆವತ್ತಿನಿಂದ ನನಗೆ ಎಲೆ ಹಂಚಿದವರು ಅವರೇ. ಕಡಲೆಯನ್ನು ಒಂದೊಂದೇ ತಮ್ಮ ಕಡೆಗೆ ಎಳೆದುಕೊಳ್ಳುವುದರಲ್ಲಿ ಅವರಿಗೆ ಎಷ್ಟು ಖುಷಿ ಇತ್ತು ಎಂದರೆ, ಇವರು ಬಂದೇ ಬರುತ್ತಾರೆ ಎಂದು ನನಗೆ ಆಸೆ ಹುಟ್ಟಿತ್ತು. ಬರುವ ಮಾತು ಮಾತ್ರ ಅವರ ಬಾಯಿಂದ ಹೊರಡಲಿಲ್ಲ.

ಸುದ್ದಿ ಹೇಗೋ ಹಬ್ಬಿತು. ಸಾಲಿಹಲ್‌ನಲ್ಲಿ ಒಬ್ಬರ ಮನೆಯ ಊಟಕ್ಕೆ ಹೋದಾಗ ಎಲ್ಲರಿಗೂ ಗೊತ್ತಿತ್ತು. ಒಬ್ಬರು ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ ನೋಡಿ ಬನ್ನಿ, ಅದೇ ನೋಡುವಂಥದ್ದು ಎಂದರು. ಇನ್ನೊಬ್ಬರು ಲಾಸ್ ಏಂಜಲಿಸ್ ಹತ್ತಿರ ಬಹಳ ಚೆನ್ನಾದ ದೇವಸ್ಥಾನ ಇದೆ, ಹೋದವರು ಅದನ್ನೂ ಮುಗಿಸಿಕೊಂಡು ಬನ್ನಿ ಎಂದರು. ನಾನು ಮಾಡದ ಪಾಪಕ್ಕೆ ಪರಿಹಾರವನ್ನು ಮುಂಗಡವಾಗಿ ಸೂಚಿಸುತ್ತಿದ್ದರು. ನಮ್ಮಲ್ಲೆಲ್ಲ ಹಿರಿಯರಾದ ಒಬ್ಬ ಕನ್ಸಲ್ಟೆಂಟ್ ಮಾತ್ರ ನೇರವಾಗಿ, "ಅಲ್ಲಿ ಏನಿದೆ ಅಂತ ಹೋಗ್ತೀರಮ್ಮ? ನಮ್ಮಂಥೋರಿಗೆ ಹೇಳಿದ ಊರಲ್ಲ ಅದು" ಎಂದರು.

"ನೀವು ಮೂರು ಸಲ ಕಾನ್ಫರೆನ್ಸ್ ಅಂತ ಹೋಗಿ ಬಂದಿದೀರಲ್ಲ ಸಾರ್," ಎಂದೆ. "ನಿಮಗೆ ಏನೂ ಸಿಗ್ಲಿಲ್ವಾ?"

ಅವರ ಹೆಂಡತಿ ಗಂಡನ ಕಡೆ ತಿರುಗಿ, "ಮೂರು ಸಲನಾ?" ಎಂದರು. ಅವರು ಮೊಸರುಬಜ್ಜಿ ಯಾರು ಮಾಡಿದ್ದು, ಬಹಳ ಚೆನ್ನಾಗಿದೆ ಎಂದರು. ಮನೆಗೆ ಬರುವಾಗ ಕಾರಿನಲ್ಲಿ ನನ್ನ ಗಂಡ ತುಟಿ ಪಿಟಕ್ಕೆನ್ನದೆ ಓಡಿಸುತ್ತಿದ್ದವರು, ಮನೆ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ನಗಲು ಶುರು ಮಾಡಿದರು. ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿದ ಮೇಲೂ ನಕ್ಕರು.

ಇಷ್ಟರವರೆಗೆ ನಾನೇ ಗೆಲ್ಲುತ್ತಿದ್ದೆ. ಸೆಪ್ಟೆಂಬರಿನ ಒಂದು ಸಂಜೆ ನಾನು ಡ್ಯೂಟಿ ಮುಗಿಸಿ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. ಮುಖ ಅರಳಿತ್ತು.

"ಇನ್ನು ಯೋಚನೆ ಇಲ್ಲ ಕಣೇ. ಎಲ್ಲ ಸರಿ ಹೋಯ್ತು. ಅಕ್ಕ ಅಲ್ಲೇ ಇದಾರೆ."

"ಎಲ್ಲಿ?"

"ಲಾಸ್ ವೇಗಸ್ಸಲ್ಲಿ."

ಆದದ್ದು ಇಷ್ಟು. ಅತ್ತಿಗೆಯ ಮಗಳು ಬಸುರಿ, ಅವಳ ಬಾಣಂತನಕ್ಕೆ ಅತ್ತಿಗೆ ಜುಲೈನಲ್ಲೇ ಅಮೆರಿಕಕ್ಕೆ ಹೋದದ್ದು ನಮಗೆ ಗೊತ್ತಿತ್ತು. ಮಗುವಾದದ್ದೂ ಗೊತ್ತಿತ್ತು. ಆದರೆ ಅಳಿಯನಿಗೆ ಹೊಸ ಕೆಲಸ ಸಿಕ್ಕಿ, ಅವರೆಲ್ಲ ಅದರ ಹಿಂದೆಯೇ ಒಹಾಯೋ ಬಿಟ್ಟಿದ್ದರು. ಮಗು, ಬಾಣಂತಿ, ಸಾಮಾನಿನ ಗಲಾಟೆಯಲ್ಲಿ ಹೊಸ ಊರಿನ ಹೆಸರು ನಮ್ಮವರೆಗೆ ಬಂದಿರಲಿಲ್ಲ. ಆವತ್ತು ನನ್ನ ಗಂಡ, ಹೇಳದೆ ಕೇಳದೆ ಹೆಂಡತಿ ದೂರದೇಶಕ್ಕೆ ಹೋಗುವುದು ಸರಿಯಲ್ಲ ಎಂದು ಧೈರ್ಯ ಮಾಡಿ ಅಳಿಯನ ಮೊಬೈಲಿಗೆ ಫೋನ್ ಮಾಡಿ ಅಕ್ಕನ ಹತ್ತಿರ ಮಾತಾಡಿದ್ದಾರೆ. ಯಾವ ಊರಿಗೆ ಎಂದು ಅಕ್ಕ ಕೇಳಿದ್ದಾರೆ. ಇವರು ಹೇಳಿದ್ದಾರೆ. ಅಯ್ಯೋ, ನಾವು ಇರೋದೇ ಅಲ್ಲಿ ಎಂದು ಅಕ್ಕ ಹೇಳಿದ್ದಾರೆ.

"ಮನೇಲೇ ಇಳ್ಕೋಬಹುದು. ಆ ವಾರದ ಭಾನುವಾರ ಸತ್ಯನಾರಾಯಣ ಪೂಜೆ ಇಟ್ಕೋತಾರಂತೆ, ನೀನು ಬಂದಿರ್ತೀಯ ಅಂತ. ಅಲ್ಲಿ ಕನ್ನಡದೋರು ಏಳೆಂಟು ಮನೆ ಇದಾರಂತೆ, ಎಲ್ಲರ ಮನೆಗೂ ಒಂದೊಂದು ಹೊತ್ತು ಊಟ. ನಾನೂ ಬರ್ತೀನಿ ಬಿಡು, ಈಗೇನು ತೊಂದರೆ."

ನಾನು ಕೋಟನ್ನೂ ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಷ್ಟು ದಿನ ಕರೆದರೂ ನೋಡೋಣ ಎಂದವರು, ಅಕ್ಕನ ಮನೆ ಎಂದ ತಕ್ಷಣ ಹೊರಟು ನಿಂತಿದ್ದರು. ನನ್ನ ಒಂದು ವಾರವನ್ನು ಅತ್ತಿಗೆ ಮತ್ತೊಮ್ಮೆ ಹಂಚಿ ಮುಗಿಸಿದ್ದರು, ಅದೂ ಕ್ಯಾಸಿನೋಗಳ ಊರಿನಲ್ಲಿ ಕೂತು. ಅಳು ಬಂತು ಎಂದರೆ ಸುಳ್ಳಾಗುತ್ತದೆ. ಕೈಗೆ ಸಿಕ್ಕಿದ್ದನ್ನು ಎಸೆಯಬೇಕು ಅನ್ನಿಸಿತು, ಕೈಗೆ ಸಿಕ್ಕಿದ್ದು ಆಸ್ಪತ್ರೆಯಿಂದ ಕರೆ ಬರುವ ಬ್ಲೀಪ್ ಯಂತ್ರ ಆಗಿದ್ದರಿಂದ ಎಸೆಯಲಿಲ್ಲ.

"ನೀವು ಬರ್ಬೇಡಿ," ಎಂದೆ.

"ಏನು?"

"ನೀವು ಅಕ್ಕನ ಮನೆಗೆ ಹೋಗ್ಬೇಕು ಅಂದ್ರೆ ಬೇರೆ ವಾರ ಹೋಗಿ. ಇದು ನನ್ನ ವಾರ. ನಾನು ಯಾರ ಮನೇಲೂ ಇಳ್ಕೊಳಲ್ಲ, ಯಾರ ಮನೇಲೂ ಊಟ ಮಾಡಲ್ಲ. ಹೋಟ್ಲಲ್ಲಿ ಇರ್ತೀನಿ, ಆಟ ಆಡ್ತೀನಿ, ಸೋತು ಬರ್ತೀನಿ."

ಅವರು ಬೇಸರ ಮಾಡಿಕೊಂಡರು. ಮೂರು ದಿನ ಮನೆಯಲ್ಲಿ ಉಪ್ಪು, ನೀರು, ಕಾರಿನ ಕೀ ಬಿಟ್ಟರೆ ಮಾತಿಲ್ಲ. ನಾಲ್ಕನೆಯ ದಿನ ಊಟ ಆದ ಮೇಲೆ ಅವರೇ ಇಸ್ಪೀಟಿನ ಕಟ್ಟು ತಂದು ಮೇಜಿನ ಮೇಲಿಟ್ಟರು. ನನಗೆ ಎಲೆ ಹಂಚುತ್ತ, "ಆದ್ರೆ ಅಕ್ಕನಿಗೆ ನಾನು ಹೇಳಲ್ಲ. ನೀನೇ ಹೇಳ್ಬೇಕು" ಎಂದರು. ಆಗಲಿ ಎಂದೆ.

ಹೇಳುವುದನ್ನು ನಾನು ಮುಂದೆ ಹಾಕುತ್ತ ಬಂದೆ ಎಂಬುದು ನಿಜ. ಆಪರೇಷನ್ ನಡುವೆ ರಕ್ತದೊತ್ತಡ ಕುಸಿದರೆ ಹೆದರದವಳು, ಫೋನು ಎತ್ತಲು ಹೆದರಿದೆ. ಕೊನೆಗೆ ಅಕ್ಟೋಬರಿನ ಒಂದು ಸಂಜೆ ಅತ್ತಿಗೆಯೇ ಮಾಡಿದರು. ಗಂಡ ಇನ್ನೂ ಕ್ಲಿನಿಕ್ಕಿನಿಂದ ಬಂದಿರಲಿಲ್ಲ. ನಾನು ಎಲೆಕೋಸು ಹೆಚ್ಚುತ್ತಿದ್ದೆ. ಅಲ್ಲಿ ಆಗ ಬೆಳಿಗ್ಗೆ.

"ಏನೇ, ಬರೋದು ಯಾವತ್ತು? ಏರ್‌ಪೋರ್ಟಿಗೆ ಅಳಿಯಂದ್ರು ಬರ್ತಾರೆ. ಪೂಜೆ ಭಾನುವಾರಕ್ಕೆ ಇಟ್ಕೊಂಡಿದೀನಿ. ಸೋಮವಾರ..."

"ಅತ್ತಿಗೆ, ನಾನು ನಿಮ್ಮಲ್ಲಿ ಇಳ್ಕೊಳಲ್ಲ. ಹೋಟ್ಲು ಬುಕ್ ಆಗಿದೆ."

"ಮನೆ ಇಟ್ಕೊಂಡು ಹೋಟ್ಲು ಯಾಕೆ? ಜನ ಏನಂತಾರೆ?"

"ಅಂದ್ಕೊಳ್ಲಿ. ಒಂದು ಮಧ್ಯಾಹ್ನ ಬಂದು ಮಗು ನೋಡ್ಕೊಂಡು ಹೋಗ್ತೀನಿ. ಪೂಜೆ ನೀವು ಮಾಡ್ಕೊಳಿ, ನನಗೋಸ್ಕರ ಬೇಡ. ಬೇರೆಯವರ ಮನೆಗೆಲ್ಲ ನಾನು ಬರಲ್ಲ."

ಆ ಕಡೆ ಮಗುವಿನ ಅಳು ಕೇಳಿತು, ಅತ್ತಿಗೆ ಅದನ್ನು ಎತ್ತಿಕೊಂಡು ಸಮಾಧಾನ ಮಾಡುವುದು ಕೇಳಿತು, ಒಂದು ಬಾಗಿಲು ಮುಚ್ಚಿದ ಸದ್ದಾಯಿತು.

"ನಿಂಗೆ ನನ್ ಮೇಲೆ ಕೋಪ ಇದೆ," ಎಂದರು.

"ಇದೆ," ಎಂದೆ.

ಯಾಕೆ ಎಂದು ಅವರು ಕೇಳಲಿಲ್ಲ. ಗೊತ್ತಿತ್ತೋ, ಗೊತ್ತು ಮಾಡಿಕೊಳ್ಳುವುದು ಬೇಡವಾಗಿತ್ತೋ ನನಗೆ ತಿಳಿಯದು. "ಇರ್ಲಿ," ಎಂದರು. ಆಮೇಲೆ ಬೇರೆಯದೇ ದನಿಯಲ್ಲಿ, "ನಿನ್ ಹೋಟ್ಲು ಆ ದೀಪ ಎಲ್ಲ ಇರೋ ರಸ್ತೇಲೇ ಇದೆಯಾ?" ಎಂದು ಕೇಳಿದರು.

ಹೌದು ಎಂದೆ.

"ಇಲ್ಲಿಗೆ ಬಂದಾಗಿಂದ ನಾನು ನೋಡಿರೋದು ಈ ಅಡುಗೆಮನೆ, ಮಗೂನ ಡಾಕ್ಟರು, ಇಂಡಿಯನ್ ಅಂಗಡಿ. ಮುಸ್ಸಂಜೆ ಹಿತ್ಲಲ್ಲಿ ನಿಂತ್ರೆ ದೂರದಲ್ಲಿ ಒಂದು ಬೆಳಕು ನೆಟ್ಟಗೆ ಆಕಾಶಕ್ಕೆ ಹೋಗತ್ತೆ. ಅದೇನೇ ಅದು ಅಂತ ಕೇಳಿದ್ರೆ, ಅದೆಲ್ಲ ನಿಂಗ್ಯಾಕಮ್ಮ ಅಂತಾಳೆ ಮಗಳು. ಕಾರಲ್ಲಿ ಹೋಗೋವಾಗ್ಲೂ ಆ ಕಡೆ ದಾರಿ ಬಿಟ್ಟು ಬೇರೆ ದಾರೀಲಿ ಕರ್ಕೊಂಡು ಹೋಗ್ತಾರೆ. ನನಗೆ ಮುಜುಗರ ಆಗತ್ತಂತೆ." ದನಿ ತಗ್ಗಿಸಿದರು. "ನಿನ್ ರೂಮಲ್ಲಿ ಇನ್ನೊಬ್ರು ಇರ್ಬಹುದಾ?"

ನನಗೆ ಮೊದಲು ಬಂದದ್ದು ಕನಿಕರವಲ್ಲ, ಸಿಟ್ಟು. ಪ್ರಪಂಚದಲ್ಲಿ ನನ್ನದು ಅಂತ ಒಂದು ಕೋಣೆ ತೆಗೆದುಕೊಂಡರೆ ಅದರೊಳಗೂ ಇವರು ಬರಬೇಕೇ? ಗೇಟಿನ ಹತ್ತಿರ ನಿಂತಿದ್ದ ನನ್ನ ಅಮ್ಮ ಕಣ್ಣ ಮುಂದೆ ಬಂದಳು. ಇಲ್ಲ ಎನ್ನಲು ಬೇಕಾದ ಮಾತೆಲ್ಲ ನಾಲಗೆಯ ಮೇಲಿತ್ತು. ಬಹಳ ವರ್ಷ ಕಾದು ಹರಿತ ಮಾಡಿಟ್ಟುಕೊಂಡಿದ್ದ ಮಾತುಗಳು. ಅವನ್ನು ಆಡುವ ಅಧಿಕಾರವೂ ನನಗಿತ್ತು. ಆದರೆ ಇವರು ನನ್ನನ್ನು ಕೇಳುತ್ತಿದ್ದರು. ಮದುವೆಯಾದಂದಿನಿಂದ ಇವರು ನನಗೆ ಹೇಳಿದ್ದುಂಟು, ಕೇಳಿದ್ದಿಲ್ಲ. ನನಗೆ ಇಲ್ಲ ಎನ್ನಲೂ ಬರುತ್ತಿತ್ತು, ಹೂಂ ಎನ್ನಲೂ ಬರುತ್ತಿತ್ತು. ಹಾಗೆ ಎರಡರಲ್ಲಿ ಒಂದನ್ನು ಆರಿಸುವುದು ಹೇಗಿರುತ್ತದೆ ಎಂದು ಆ ಮನೆಯ ಸೊಸೆಯಾಗಿ ನನಗೆ ಗೊತ್ತೇ ಇರಲಿಲ್ಲ.

"ಮಗಳನ್ನ ಕೇಳಿದೀರಾ?" ಎಂದೆ.

"ಯಾಕೆ ಕೇಳ್ಬೇಕು? ನೀನು ಯಾರನ್ನ ಕೇಳಿ ಟಿಕೆಟ್ ತಗೊಂಡೆ?"

"ಯಾರನ್ನೂ ಕೇಳ್ಲಿಲ್ಲ."

"ಮತ್ತೆ?"

ಚಾಕು ಕೆಳಗಿಟ್ಟೆ. "ಎರಡು ದಿನ," ಎಂದೆ. "ಮಿಕ್ಕ ದಿನ ನಾನೊಬ್ಳೇ. ಬೆಳಿಗ್ಗೆ ನಾನು ಎದ್ದಾಗ ಏಳ್ತೀನಿ, ಎಬ್ಬಿಸ್ಬೇಡಿ. ಎಲ್ಲಿಗೆ ಹೋಗ್ಬೇಕು, ಏನು ತಿನ್ಬೇಕು ನಾನು ಹೇಳ್ತೀನಿ. ಮನೆಯಿಂದ ಬುತ್ತಿ ತರೋ ಹಾಗಿಲ್ಲ."

"ಆಯ್ತು," ಎಂದರು ಅತ್ತಿಗೆ.

ಅವರನ್ನು ನಾನು ಕ್ಷಮಿಸಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಅದು ಬೇರೆ, ಇದು ಬೇರೆ. ಮಾರನೆಯ ದಿನ ಊಟದ ಬಿಡುವಿನಲ್ಲಿ ಟ್ರಾವೆಲ್ ಏಜೆಂಟಿಗೆ ಫೋನ್ ಮಾಡಿ, ಎರಡು ಹಾಸಿಗೆ ಇರುವ ಕೋಣೆ ಬೇಕು ಎಂದು ಹೇಳಿದೆ.

ಆ ವಾರಾಂತ್ಯ ಅತ್ತಿಗೆಯ ಮಗಳು ಫೋನ್ ಮಾಡಿದಳು. ಅವಳೂ ಕೆಲಸಕ್ಕೆ ಹೋಗುವವಳು, ಬಾಣಂತನ ಮುಗಿಸಿ ಆಗತಾನೇ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದ್ದಳು. ದನಿಯಲ್ಲಿ ಮರ್ಯಾದೆ ಇತ್ತು, ಅದರ ಕೆಳಗೆ ಕುದಿ ಇತ್ತು.

"ಅತ್ತೆ, ಅಮ್ಮಂಗೆ ಅದೆಲ್ಲ ಯಾಕೆ? ಆ ಗಲಾಟೆ, ಆ ಜನ, ಅವರಿಗೆ ಅಭ್ಯಾಸ ಇಲ್ಲ. ಬೇಕಾದ್ರೆ ಒಂದಿನ ನಾವೇ ಕ್ಯಾನ್ಯನ್ನಿಗೆ ಕರ್ಕೊಂಡು ಹೋಗ್ತೀವಿ."

"ಅವರೇ ಬರ್ತೀನಿ ಅಂದ್ರು ಕಣೇ."

"ಅಂದಿರ್ತಾರೆ. ಆದ್ರೆ ಅವರಿಲ್ದಿದ್ರೆ ಆ ಎರಡು ದಿನ ಮಗೂನ ಯಾರು ನೋಡ್ಕೋತಾರೆ? ನಾನು ಡ್ಯೂಟಿಗೆ ಹೋಗೋದು ಹೇಗೆ?"

"ನಿನ್ ಮಗು ಅಲ್ವಾ," ಎಂದೆ. "ನೀನು ರಜೆ ಹಾಕು."